ಕಂಡದ್ದು ಎಳೆಗೆ ಬರುವ ಬಗೆ



ಧಾರವಾಡ ಸೀಮೆಯಲ್ಲಿ ಕಸೂತಿ ಬಲ್ಲ ಹಿರಿಯ ಹೆಂಗಸರ ಮುಂದೆ ಒಂದು ಸೆರಗು ಹರವಿ ನೋಡಿ. ಚೆಂದ ಇದೆ, ಇಲ್ಲ ಎನ್ನುವ ಮೊದಲೇ ಅವರ ಕೈ ಬಟ್ಟೆಯನ್ನು ಮಗುಚುತ್ತದೆ. "ಹಿಂದ ಹೆಂಗ ಬಂದೈತಿ ನೋಡೋಣ ತಡಿಯವಾ" ಎನ್ನುತ್ತಾರೆ. ಹಿಂಬದಿಯಲ್ಲಿ ಒಂದು ಗಂಟು ಕೈಗೆ ತಾಗಿದರೆ, ದಾರ ಒಂದು ಹೂವಿನಿಂದ ಇನ್ನೊಂದು ಹೂವಿಗೆ ಅಡ್ಡ ಹಾರಿದ್ದು ಕಂಡರೆ, ಮುಂದೆ ಎಷ್ಟು ಬಣ್ಣವಿದ್ದರೂ ಅವರಿಗೆ ಒಪ್ಪಿಗೆಯಿಲ್ಲ. ನಾನು ಈ ಕೆಲಸ ಕಲಿತದ್ದು ಇಂಥ ಕಣ್ಣುಗಳ ಎದುರಿಗೆ. ಇವತ್ತು ನನ್ನ ದಿನಚರಿಯ ಬಗ್ಗೆ, ಅಂದರೆ ಸೂಜಿ, ಹೂದೋಟ, ಆಗಾಗಿನ ತಿರುಗಾಟ, ಮನೆಯ ಎರಡು ಬೆಕ್ಕುಗಳ ಬಗ್ಗೆ ನಿಮ್ಮೊಡನೆ ಮಾತಾಡಬೇಕೆಂದು ಬಂದಿದ್ದೇನೆ. ಇವೆಲ್ಲ ಬೇರೆ ಬೇರೆ ಸಂಗತಿಗಳೆಂದು ಕೇಳುವವರಿಗೆ ಅನ್ನಿಸಬಹುದು. ನನ್ನ ಮಟ್ಟಿಗೆ ಅವು ಒಂದೇ ಕೆಲಸ.

ಕಸೂತಿಯ ಹೊಲಿಗೆ ನಾಲ್ಕು ಬಗೆಯವು: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಗವಂತಿಯಲ್ಲಿ ಸೂಜಿ ಒಂದು ಹೆಜ್ಜೆ ಬಟ್ಟೆಯ ಮೇಲೆ, ಒಂದು ಹೆಜ್ಜೆ ಕೆಳಗೆ ಹೋಗುತ್ತದೆ. ಬರುವಾಗ ಅದೇ ದಾರಿಯಲ್ಲಿ ಬಿಟ್ಟುಹೋದ ಜಾಗಗಳನ್ನು ತುಂಬಿಕೊಂಡು ಹೊರಟಲ್ಲಿಗೇ ಬಂದು ಸೇರುತ್ತದೆ. ಆದ್ದರಿಂದಲೇ ಮುಂದೆಯೂ ಹಿಂದೆಯೂ ಚಿತ್ತಾರ ಒಂದೇ ಆಗಿ ಕಾಣುವುದು. ಮುರಗಿಯೂ ಹೀಗೆಯೇ ಹೋಗಿ ಬರುವ ಹೊಲಿಗೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಯ್ಗೆಯಲ್ಲಿ ಸಾಲು ಸಾಲು ಬಿಡಿ ಹೊಲಿಗೆಗಳು ಕೂಡಿ, ಮಗ್ಗದಲ್ಲೇ ನೇಯ್ದು ಬಂದ ಹಾಗೆ ಕಾಣುತ್ತವೆ. ಮೆಂತೆ ಅಡ್ಡಗೀಟಿನ ಹೊಲಿಗೆ. ಗೋಪುರ, ಆನೆಯಂಥ ದೊಡ್ಡ ಚಿತ್ತಾರದ ಮೈ ತುಂಬಲು ಅದು ಬೇಕು. ಅದು ಹಿಂಬದಿಯಲ್ಲಿ ಮುಂದಿನಂತೆಯೇ ಬರುವುದಿಲ್ಲ. ಈ ನಾಲ್ಕಕ್ಕೂ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿ, ಮೂರೋ ನಾಲ್ಕೋ ಎಳೆಗೆ ಒಂದು ಹೊಲಿಗೆ ಎಂದು ಹಿಡಿದುಕೊಂಡು ಹೋಗಬೇಕು. ಯುರೋಪಿನಲ್ಲಿಯೂ ಗವಂತಿಯಂಥದೇ ಹೊಲಿಗೆಯಿದೆ. ಹದಿನಾರನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ತನ್ನ ಚಿತ್ರಗಳಲ್ಲಿ ಜನರ ಅಂಗಿಯ ಮುಂಗೈಪಟ್ಟಿಯ ಮೇಲೆ ಅದನ್ನು ಎಷ್ಟು ಬಿಡಿಸಿ ಬರೆದನೆಂದರೆ, ಅಲ್ಲಿ ಆ ಹೊಲಿಗೆಗೆ ಅವನ ಹೆಸರೇ ನಿಂತಿತು.

ಹೊಲಿಗೆಯ ಲೆಕ್ಕ ಕಲಿತರೆ ಬರುತ್ತದೆ. ನನ್ನನ್ನು ಹೆಚ್ಚು ಹಿಡಿದಿರುವುದು ಇನ್ನೊಂದು ಸಂಗತಿ. ಹಳೆಯ ಇಳಕಲ್ ಸೀರೆಯ ಮೇಲೆ, ಮದುವಣಗಿತ್ತಿಗೆ ಕೊಡುತ್ತಿದ್ದ ಕಪ್ಪು ಚಂದ್ರಕಾಳಿಯ ಮೇಲೆ ಏನೇನು ಇದೆ ನೋಡಿ. ತುಳಸಿಕಟ್ಟೆ, ತೇರು, ಗೋಪುರ, ಪಲ್ಲಕ್ಕಿ, ತೊಟ್ಟಿಲು, ದೀಪದ ಕಂಬ, ಅಂಬಾರಿ ಹೊತ್ತ ಆನೆ, ನವಿಲು, ಗಿಳಿ, ಬಸವಣ್ಣ. ಇವುಗಳಲ್ಲಿ ಯಾವುದನ್ನೂ ಆ ಹೆಂಗಸರು ಪುಸ್ತಕ ನೋಡಿ ಹಾಕಿದ್ದಲ್ಲ. ಬೆಳಿಗ್ಗೆ ನೀರು ಹಾಕಿದ ತುಳಸಿಕಟ್ಟೆ, ಮಗುವನ್ನು ಮಲಗಿಸಿದ ತೊಟ್ಟಿಲು, ಜಾತ್ರೆಯಲ್ಲಿ ಉತ್ತತ್ತಿ ಬಾಳೆಹಣ್ಣು ಎಸೆದ ತೇರು. ಅವರ ಬದುಕಿನಲ್ಲಿ ಕಣ್ಣಿಗೆ ಬಿದ್ದದ್ದು, ಕೈಗೆ ಸಿಕ್ಕಿದ್ದು ಸೆರಗಿಗೆ ಬಂತು. ನಾವು ಇವತ್ತು ಅವರ ಚಿತ್ತಾರಗಳನ್ನು ಶ್ರದ್ಧೆಯಿಂದ ಮತ್ತೆ ಹಾಕುತ್ತೇವೆ. ಅದು ಬೇಕು. ಆದರೆ ಅವರು ಮಾಡಿದ ಮೊದಲಿನ ಕೆಲಸವನ್ನು, ಅಂದರೆ ಹೊರಗೆ ಹೋಗಿ ನೋಡುವ ಕೆಲಸವನ್ನು, ಬಿಟ್ಟುಬಿಟ್ಟಿದ್ದೇವೆ. ಕಸೂತಿ ಹಾಕುವವಳಿಗೆ ಸೂಜಿ ಎಷ್ಟು ಮುಖ್ಯವೋ ಕಾಲಿಗೆ ಹಾಕಿಕೊಳ್ಳುವ ಚಪ್ಪಲಿಯೂ ಅಷ್ಟೇ ಮುಖ್ಯ ಎಂದು ನಾನು ನಂಬಿದ್ದೇನೆ.

ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸಲು ದೀಪದ ಬೆಳಕು ಸಾಲದು. ಹಗಲಿನ ಬೆಳಕೇ ಆಗಬೇಕು. ಹಾಗಾಗಿ ನನ್ನ ಹೊಲಿಗೆ ನಾಷ್ಟಾ ಮುಗಿದ ಮೇಲೆ, ಮೂಡಣ ಕಿಟಕಿಯ ಹತ್ತಿರ. ಬಿಸಿಲು ನೆತ್ತಿಗೇರಿ ಕಿಟಕಿಯಿಂದ ಸರಿದರೆ ಕೆಲಸ ಮುಗಿಯಿತು. ಹತ್ತಿರದ ಎಳೆಯನ್ನೇ ದಿಟ್ಟಿಸಿದ ಕಣ್ಣಿನ ಸ್ನಾಯುಗಳು ಬಿಗಿದಿರುತ್ತವೆ. ಅವು ಸಡಿಲವಾಗಲು ದೂರಕ್ಕೆ ನೋಡಬೇಕು. ಸಂಜೆ ಸಾಧನಕೇರಿಯ ಕೆರೆಯ ಕಡೆ ನಡೆದು ಹೋಗುವುದು ನನಗೆ ಕಣ್ಣಿನ ಔಷಧ. ಬೇಂದ್ರೆಯವರ ಮನೆಯಿರುವ ಆ ಭಾಗದಲ್ಲಿ ಈಗ ಕೆರೆಯ ಪಕ್ಕ ಉದ್ಯಾನವೂ ಇದೆ. ಒಮ್ಮೊಮ್ಮೆ ವಿಶ್ವವಿದ್ಯಾಲಯದ ಕಡೆ ಹೋಗಿ ಅಲ್ಲಿನ ಮರಗಳನ್ನು ನೋಡಿ ಬರುತ್ತೇನೆ. ಚೀಲದಲ್ಲಿ ಚೌಕಳಿ ಹಾಳೆಯ ಒಂದು ಪುಸ್ತಕ, ಒಂದು ಪೆನ್ಸಿಲ್ ಇರುತ್ತವೆ.

ಹೂದೋಟದಲ್ಲಿ ಕಸೂತಿಯವಳು ನೋಡುವುದೇ ಬೇರೆ. ಬಣ್ಣ ಆಮೇಲೆ, ಮೊದಲು ಎಸಳು ಎಣಿಸುತ್ತೇನೆ. ಬಟ್ಟೆಯ ಎಳೆಗಳು ಉದ್ದಕ್ಕೆ, ಅಡ್ಡಕ್ಕೆ ಇವೆ. ನಮ್ಮ ಹೊಲಿಗೆ ನೆಟ್ಟಗೆ ಹೋಗಬಹುದು, ಅಡ್ಡ ಹೋಗಬಹುದು, ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗಬಹುದು. ನಾಲ್ಕು ಎಸಳು, ಎಂಟು ಎಸಳು ಇದರಲ್ಲಿ ಸಲೀಸಾಗಿ ಕೂಡುತ್ತವೆ. ಐದು ಕೂಡುವುದಿಲ್ಲ. ನಮ್ಮ ಅಂಗಳದ ದಾಸವಾಳಕ್ಕೆ ಐದು ಎಸಳು, ನಂದಿಬಟ್ಟಲಿಗೆ ಐದು, ಕಣಗಿಲೆಗೂ ಐದು. ದೇವರ ಮುಡಿಗೇರುವ ಹೂಗಳಲ್ಲಿ ಎಷ್ಟೊಂದು ಐದೆಸಳಿನವು! ಅವುಗಳನ್ನು ಎಳೆಯ ಚೌಕದಲ್ಲಿ ಕೂರಿಸಲು ಹೋದರೆ ಒಂದು ಎಸಳು ಗಿಡ್ಡ, ಒಂದು ಉದ್ದ. ಇದನ್ನು ಅರಿತ ಮೇಲೆ ಹಳೆಯ ಕಸೂತಿಯ ಹೂ ಯಾಕೆ ಅಷ್ಟು ಸಲ ಕಮಲದ ಕಡೆಗೆ, ಎಂಟು ದಳದ ಕಡೆಗೆ ವಾಲುತ್ತದೆ ಎಂದು ನನಗೆ ಗೊತ್ತಾಯಿತು. ನಾಲ್ಕೆಸಳಿನ ಹೂಗಳನ್ನು ಹುಡುಕಲು ಆಗ ಶುರುಮಾಡಿದೆ. ಕೇಪಳ ಸಿಕ್ಕಿತು. ಗೊಂಚಲು ಗೊಂಚಲಾಗಿ ಬಿಡುವ ಆ ಕೆಂಪು ಹೂವಿನ ಪ್ರತಿಯೊಂದಕ್ಕೂ ನಾಲ್ಕೇ ಎಸಳು, ಗವಂತಿಗೆ ಹೇಳಿಮಾಡಿಸಿದ್ದು. ಮದರಂಗಿಯ ಸಣ್ಣ ಹೂವಿಗೂ ನಾಲ್ಕು. ಹೂ ಬಿಡುವವರೆಗೆ ಕೀಳದೆ ಬಿಟ್ಟ ಮೂಲಂಗಿಯಲ್ಲಿ, ಹೊಲದ ಸಾಸಿವೆಯಲ್ಲಿ ನಾಲ್ಕೆಸಳು ಪ್ಲಸ್ ಗುರುತಿನ ಹಾಗೆ ನಿಂತಿರುತ್ತವೆ. ಅಂಗೈ ಕೆಂಪಾಗಿಸುವ ಮದರಂಗಿಯ ಎಲೆ ಎಲ್ಲರಿಗೂ ಗೊತ್ತು. ಅದರ ಹೂವನ್ನು ಹತ್ತಿರದಿಂದ ನೋಡಿದವರು ಎಷ್ಟು ಜನ? ಒಮ್ಮೆ ನೋಡಿ, ದಯವಿಟ್ಟು. ಪರಿಮಳವೂ ಚೆನ್ನಾಗಿದೆ.

ಬೆಂಗಳೂರಿಗೆ ಹೋದಾಗ ಲಾಲ್‌ಬಾಗ್ ನೋಡದೆ ಬರುವುದಿಲ್ಲ. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ ಅದು. ಟಿಪ್ಪು ಬೆಳೆಸಿದ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಜನ ಸಾಗರದಂತೆ ಬರುತ್ತಾರೆ. ನನಗೆ ಮಾತ್ರ ಪ್ರದರ್ಶನವಿಲ್ಲದ ದಿನವೇ ಹೆಚ್ಚು ಇಷ್ಟ. ನಿಂತು ಒಂದು ಗಿಡವನ್ನು ಬೇಕಾದಷ್ಟು ಹೊತ್ತು ನೋಡಬಹುದು.

ಆದರೆ ತಿರುಗಾಟದಲ್ಲಿ ನನಗೆ ತುಂಬ ಕೊಟ್ಟದ್ದು ಲಕ್ಕುಂಡಿ. ಧಾರವಾಡದಿಂದ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಗದಗ ದಾಟಿ ಹೋಗಿ, ನೋಡಿ, ಸಂಜೆಗೆ ಮನೆ ಸೇರಬಹುದು. ಬಳಪದ ಕಲ್ಲು ಮೆತ್ತಗಿರುವುದರಿಂದ ಅಲ್ಲಿನ ಶಿಲ್ಪಿಗಳು ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡವನ್ನು ಪಟ್ಟಿ ಪಟ್ಟಿಯಾಗಿ, ಬೆರಳಗಲದ ಕೆತ್ತನೆಯಲ್ಲಿ ತುಂಬಿದ್ದಾರೆ. ಸೀರೆಯ ಅಂಚಿನ ಪಕ್ಕದಲ್ಲಿ ಸಾಲಾಗಿ ಕೂಡುವ ಕಸೂತಿಯ ಬಳ್ಳಿಗಳನ್ನು ಬಲ್ಲವರಿಗೆ ಆ ಬಾಗಿಲ ಮುಂದೆ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಗುಡಿಯ ಗೋಡೆ ಒಳಕ್ಕೂ ಹೊರಕ್ಕೂ ಮಡಿಚಿಕೊಂಡು ತಿರುಗುವ ಬಗೆ, ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯಲ್ಲಿ ಮೆಟ್ಟಿಲು ಇಳಿಯುವ ಬಗೆ, ಎರಡೂ ಮುರಗಿಯ ಹೊಲಿಗೆಯೇ. ಶಿಲ್ಪಿ ಹೆಂಗಸರಿಂದ ಕಲಿತನೋ, ಹೆಂಗಸರು ಶಿಲ್ಪಿಯಿಂದ ಕಲಿತರೋ ಎಂಬ ವಾದ ನನಗೆ ಬೇಡ. ಒಂದೇ ಊರಿನ ಕಣ್ಣುಗಳು ಒಂದೇ ಬಗೆಯ ಸೊಗಸನ್ನು ಒಪ್ಪಿಕೊಂಡಿದ್ದವು, ಅಷ್ಟು ಸಾಕು. ಅಲ್ಲಿನ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣ ಕಳೆದುಹೋಗಬಾರದೆಂದು ಅದರ ಸಾವಿರ ಪ್ರತಿ ಓಲೆಯ ಮೇಲೆ ಬರೆಸಿ ಹಂಚಿದವಳೂ ಅವಳೇ. ಕೈಯಿಂದ ಪ್ರತಿ ಮಾಡಿ ಉಳಿಸುವುದು ಎಷ್ಟು ದೊಡ್ಡ ಕೆಲಸ ಎಂದು ಆ ಗುಡಿಯಲ್ಲಿ ನಿಂತಾಗಲೆಲ್ಲ ನೆನೆಯುತ್ತೇನೆ.

ಇನ್ನು ಬೆಕ್ಕುಗಳು. ನಮ್ಮ ಮನೆಯಲ್ಲಿ ಎರಡಿವೆ. ಒಂದು ಪೂರಾ ಕಪ್ಪು, ಅದರ ಹೆಸರು ಚಂದ್ರಿ. ಚಂದ್ರಕಾಳಿ ಸೀರೆಯ ಬಣ್ಣವಾದ್ದರಿಂದ ಆ ಹೆಸರು. ಇನ್ನೊಂದರ ಮೈಮೇಲೆ ಬಿಳಿ, ಕಪ್ಪು, ಅಬ್ಬಲಿಗೆ ಹೂವಿನ ಬಣ್ಣ ಮೂರೂ ಇವೆ. ಅದು ಅಬ್ಬಲಿ. ಮೂರು ಬಣ್ಣದ ಬೆಕ್ಕು ಬಹುಮಟ್ಟಿಗೆ ಯಾವಾಗಲೂ ಹೆಣ್ಣೇ. ಕೇಸರಿ ಬಣ್ಣ ಬರಿಸುವ ಜೀನು ಎಕ್ಸ್ ವರ್ಣತಂತುವಿನ ಮೇಲಿದೆ. ಹೆಣ್ಣಿಗೆ ಎಕ್ಸ್ ಎರಡು ಇರುವುದರಿಂದ ಮೈಯ ಒಂದು ಕಡೆ ಕೇಸರಿ, ಇನ್ನೊಂದು ಕಡೆ ಕಪ್ಪು ಬರಲು ಸಾಧ್ಯ. ಸಾಮಾನ್ಯ ಗಂಡು ಬೆಕ್ಕಿಗೆ ಇರುವುದು ಒಂದೇ ಎಕ್ಸ್, ಆದ್ದರಿಂದ ಎರಡರಲ್ಲಿ ಒಂದೇ ಬಣ್ಣ.

ದಾರಿಗೆ ಬೆಕ್ಕು ಅಡ್ಡ ಬಂದರೆ ಹೊರಟವರು ಮನೆಗೆ ಮರಳುವುದನ್ನು ಕಂಡಾಗ ನನಗೆ ನೋವಾಗುತ್ತದೆ. ನಮ್ಮದೇ ನಾಡಿನಲ್ಲಿ, ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ, ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಗುಡಿ ಕಟ್ಟಿ ಪೂಜಿಸುತ್ತಾರೆ. ಮಹಾಬಲಿಪುರದ ದೊಡ್ಡ ಬಂಡೆಯ ಮೇಲೆ ಪಲ್ಲವರ ಶಿಲ್ಪಿಗಳು ಮುಂಗಾಲೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನೂ ಅದರ ಸುತ್ತ ಇಲಿಗಳನ್ನೂ ಕೆತ್ತಿದ್ದಾರೆ. ಕಲ್ಲಿಗೆ ಬಂದ ಬೆಕ್ಕು ಬಟ್ಟೆಗೂ ಬರಬಾರದೇಕೆ? ಹಳೆಯ ಸೆರಗುಗಳಲ್ಲಿ ಆನೆ, ನವಿಲು ಕಂಡಷ್ಟು ಬೆಕ್ಕನ್ನು ನಾನು ಕಂಡಿಲ್ಲ. ಮೂಡಣ ಕಿಟಕಿಯ ಬಿಸಿಲು ನನಗೂ ಬೇಕು, ಅಬ್ಬಲಿಗೂ ಬೇಕು. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ನಿದ್ದೆ ಮಾಡುವ ಪ್ರಾಣಿ ಅದು, ಬೆಚ್ಚಗಿನ ಜಾಗವನ್ನು ನಮಗಿಂತ ಮೊದಲು ಪತ್ತೆ ಹಚ್ಚುತ್ತದೆ. ಹೀಗೆ ನಾನು ಎಳೆ ಎಣಿಸುವಾಗ ಮೊಣಕೈ ದೂರದಲ್ಲಿ ಅದು ಬೆನ್ನು ತಿರುಗಿಸಿ ಕುಳಿತಿರುತ್ತದೆ. ದಿನವೂ ಕಣ್ಣೆದುರು ಇರುವುದನ್ನು ಬಟ್ಟೆಗೆ ತರುವುದೇ ಈ ಕಲೆಯ ರೀತಿಯಾದರೆ, ಬೆಕ್ಕನ್ನು ಹೇಗೆ ಬಿಡಲಿ?

ಚೌಕಳಿ ಹಾಳೆಯ ಮೇಲೆ ಬರೆಯಲು ಕುಳಿತೆ. ಎದುರಿನ ಮುಖದ ದುಂಡು ಎಳೆಗೆ ಬಗ್ಗಲಿಲ್ಲ. ಬೆನ್ನು ತಿರುಗಿಸಿ ಕುಳಿತ ಬೆಕ್ಕು ಬಂತು. ಕಿವಿಗಳಿಗೆ ಎರಡೆರಡು ಓರೆ ಹೊಲಿಗೆ ಸಾಕು, ತುದಿ ಚೂಪಾಗಿ ಕೂಡುತ್ತದೆ. ಕತ್ತಿನಿಂದ ಬೆನ್ನು ಓರೆಯಾಗಿ ಅಗಲವಾಗುತ್ತ ಇಳಿದು, ಕೆಳಗೆ ನೆಲದ ನೆಟ್ಟ ಗೆರೆ. ಬಾಲವನ್ನು ಮುರಗಿಯಲ್ಲಿ ಮೆಟ್ಟಿಲಾಗಿ ಬಲಕ್ಕೆ ಬಿಟ್ಟೆ. ಮೀಸೆಗಳು ಮುಖದ ಎರಡೂ ಪಕ್ಕಕ್ಕೆ ಚಾಚಿ ಕಾಣಲಿ ಎಂದು ಗೆರೆಗಳನ್ನು ಎಳೆದೆ. ಗವಂತಿಗೆ ಇಂಥ ಮುಂದೆ ದಾರಿಯಿಲ್ಲದ ಕವಲು ತೊಂದರೆಯೇ ಅಲ್ಲ, ಸೂಜಿ ತುದಿಯವರೆಗೆ ಹೋಗಿ ಅದೇ ಗೆರೆ ತುಂಬಿಕೊಂಡು ಬುಡಕ್ಕೆ ಮರಳುತ್ತದೆ. ಒಂದಕ್ಕೊಂದು ತಾಗಿಕೊಂಡಿರುವ ಗೆರೆಗಳ ಯಾವ ಚಿತ್ತಾರವನ್ನಾದರೂ ಹೀಗೆ ಒಂದೇ ದಾರದಲ್ಲಿ, ದಾರ ಕಡಿಯದೆ, ಹಾಕಿ ಮುಗಿಸಬಹುದು. ಯಾವುದಕ್ಕೂ ತಾಗದೆ ನಡುವೆ ಬಿಡಿಯಾಗಿ ನಿಂತ ಚುಕ್ಕೆ ಮಾತ್ರ ಆಗದು. ಅದಕ್ಕೆ ಬೇರೆ ದಾರ, ಬೇರೆ ಆರಂಭ, ಅಡಗಿಸಲು ಇನ್ನೆರಡು ತುದಿ. ಎದುರು ಮುಖದ ಬೆಕ್ಕು ಹಾಕಿದ್ದರೆ ಕಣ್ಣು ಅಂಥ ಬಿಡಿ ಚುಕ್ಕೆಯಾಗುತ್ತಿತ್ತು. ಬೆನ್ನು ತಿರುಗಿಸಿ ಕುಳಿತು ಅಬ್ಬಲಿ ಆ ಕಷ್ಟವನ್ನೂ ಕಳೆಯಿತು. ಮೈಮೇಲಿನ ಮೂರು ಬಣ್ಣಕ್ಕೆ ನೇಯ್ಗೆ ಹಿಡಿದೆ, ಅದು ಹಿಂದೆಯೂ ಅಚ್ಚುಕಟ್ಟಾಗಿ ಬರುತ್ತದೆ. ಬಟ್ಟೆ ಮಗುಚಿದರೆ ಬಾಲ ಎಡಕ್ಕೆ ತಿರುಗಿ ಇನ್ನೊಂದು ಬೆಕ್ಕು ಸಿಕ್ಕುತ್ತದೆ. ಕರಿ ಸೀರೆಯ ಮೇಲೆ ಕರಿ ಚಂದ್ರಿಯನ್ನು ಹಾಕುವುದು ಹೇಗೆ ಎಂದು ಕೆಲವರು ಕೇಳಿದರು. ಕೇಸರಿ ರೇಷ್ಮೆಯಲ್ಲಿ ಬರೀ ಮೈಗೆರೆ ಎಳೆದು ಒಳಗನ್ನು ಖಾಲಿ ಬಿಟ್ಟರೆ ಸೀರೆಯ ಕಪ್ಪೇ ಚಂದ್ರಿಯ ಮೈಯಾಗುತ್ತದೆ. ನಾನು ಹಾಕಿದ್ದರಲ್ಲಿ ನನಗೆ ತುಂಬ ಹಿಡಿಸಿದ ಚಿತ್ತಾರ ಅದು. ಹಿರಿಯರೊಬ್ಬರು ಅದನ್ನು ಮಗುಚಿ ನೋಡಿ, "ಬೆಕ್ಕು ಅಂದ್ರೂ ಬೆಕ್ಕ ಆಗೇತಿ, ಕಸೂತಿ ಅಂದ್ರೂ ಕಸೂತಿ ಆಗೇತಿ" ಎಂದರು.

ಬೆಕ್ಕು ಸಾಕಿಕೊಂಡು ಹೊಲಿಗೆ ಮಾಡುವವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ದಾರದೊಡನೆ ಆಡುವ ಬೆಕ್ಕಿನ ಚಿತ್ರ ನೋಡಲು ಮುದ್ದಾಗಿದೆ, ಆದರೆ ದಾರ ಬೆಕ್ಕಿಗೆ ಪ್ರಾಣಕಂಟಕ. ಬೆಕ್ಕಿನ ನಾಲಿಗೆ ತುರಿಮಣೆಯಂತೆ, ಅದರ ಮೇಲಿನ ಮುಳ್ಳುಗಳೆಲ್ಲ ಗಂಟಲಿನ ಕಡೆಗೆ ಬಾಗಿವೆ. ಒಮ್ಮೆ ದಾರದ ತುದಿ ಸಿಕ್ಕಿಕೊಂಡರೆ ಉಗಿಯಲು ಆಗುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ಒಳಗೆ ಹೋದ ದಾರ ಒಂದು ಕಡೆ ಸಿಕ್ಕಿಕೊಂಡು, ಕರುಳು ಅದರ ಸುತ್ತ ನೆರಿಗೆಯಾಗಿ ಸೇರುತ್ತದೆ, ಕೊನೆಗೆ ಕೊಯ್ದು ತೂತೂ ಆಗಬಹುದು. ಸೂಜಿ ಪೋಣಿಸಿದ ದಾರವಾದರೆ ಕೇಳುವುದೇ ಬೇಡ. ನೆರೆಮನೆಯ ಮರಿಯೊಂದು ಹೀಗೆ ನುಂಗಿ, ಪಶುವೈದ್ಯರು ಹೊಟ್ಟೆ ಕೊಯ್ದು ತೆಗೆದು ಉಳಿಸಿದ್ದನ್ನು ನೋಡಿದ್ದೇನೆ. ಬಾಯಿಂದಾಗಲಿ ಹಿಂದಿನಿಂದಾಗಲಿ ದಾರ ಇಣುಕಿದರೆ ಎಳೆಯಬೇಡಿ. ಎಳೆದರೆ ಒಳಗಿನ ಕರುಳು ಹರಿಯಬಹುದು. ನೆಟ್ಟಗೆ ಪಶುವೈದ್ಯರ ಹತ್ತಿರ ಹೋಗಿ. ಸೂಜಿ, ದಾರ, ಕತ್ತರಿಸಿದ ಚೂರು ಎಲ್ಲಕ್ಕೂ ಮುಚ್ಚಳ ಬಿಗಿಯಾದ ಡಬ್ಬಿ ಇರಲಿ, ಹೊಲಿಗೆ ನಿಲ್ಲಿಸಿ ಏಳುವಾಗ ಡಬ್ಬಿ ಮುಚ್ಚಿ ಏಳಿ.

ಹೂದೋಟದ ಕಡೆಯಿಂದಲೂ ಎರಡು ಎಚ್ಚರಿಕೆ. ಹೂಗುಚ್ಛಗಳಲ್ಲಿ ಬರುವ ದೊಡ್ಡ ಲಿಲಿ ಹೂವು ಬೆಕ್ಕಿಗೆ ವಿಷ. ಎಲೆ, ಎಸಳು ಮಾತ್ರವಲ್ಲ, ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಮೂತ್ರಪಿಂಡ ಕೆಟ್ಟುಹೋಗಬಹುದು. ಅಲಂಕಾರಕ್ಕೆ ಕುಂಡದಲ್ಲಿ ಇಡುವ ಸೈಕಸ್ ಗಿಡವೂ ವಿಷವೇ. ನಾಯಿ, ಬೆಕ್ಕು ಇರುವ ಮನೆಗೆ ಅವೆರಡೂ ಬೇಡ. ದಾಸವಾಳ, ಮಲ್ಲಿಗೆ ಬೆಳೆಸಿ, ಭಯವಿಲ್ಲ.

ಕೊನೆಯದಾಗಿ ಕೇಳುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯದೋ ಮುತ್ತಜ್ಜಿಯದೋ ಕಸೂತಿ ಹಾಕಿದ ಸೀರೆ, ಕುಪ್ಪಸ, ಕುಂಚಿಗೆ ಇರಬಹುದು. ಅದನ್ನು ಹೊರಗೆ ತೆಗೆಯಿರಿ. ಮಡಿಕೆಯಲ್ಲೇ ಬಟ್ಟೆ ಸೀಳುತ್ತದೆ, ಆದ್ದರಿಂದ ನೆರಳಲ್ಲಿ ಹರವಿ ಗಾಳಿಯಾಡಿಸಿ, ಮೊದಲಿನ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸಿ. ನುಸಿಗುಳಿಗೆಯೂ ಬೆಕ್ಕಿಗೆ, ಸಣ್ಣ ಮಕ್ಕಳಿಗೆ ವಿಷವೇ. ಅದರ ಬದಲು ಒಣಗಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡಿ. ಇಡುವ ಮೊದಲು ಒಂದು ಚೌಕಳಿ ಹಾಳೆ ತೆಗೆದುಕೊಂಡು, ಒಂದು ಹೊಲಿಗೆಗೆ ಒಂದು ಚೌಕದಂತೆ ಪ್ರತಿಯೊಂದು ಚಿತ್ತಾರವನ್ನೂ ಬರೆದುಕೊಳ್ಳಿ. ಹಿಂದು ಮುಂದು ಎರಡೂ ಕಡೆಯ ಫೋಟೊ ತೆಗೆಯಿರಿ. ಯಾರು ಹಾಕಿದ್ದು, ಯಾವ ಊರು, ನಿಮ್ಮ ಮನೆಯಲ್ಲಿ ಆ ಚಿತ್ತಾರವನ್ನು ಏನೆಂದು ಕರೆಯುತ್ತಿದ್ದರು ಎಂದು ಹಿರಿಯರನ್ನು ಕೇಳಿ ಪಕ್ಕದಲ್ಲಿ ಬರೆಯಿರಿ. ಆಮೇಲೆ ಹಾಳೆಯ ಮಗ್ಗುಲಲ್ಲಿ ನಿಮ್ಮ ಅಂಗಳದಲ್ಲಿ ನೀವೇ ಕಂಡ ಒಂದು ಹೂವನ್ನೋ ಪ್ರಾಣಿಯನ್ನೋ ಹೊಸದಾಗಿ ಬರೆದು ಸೇರಿಸಿ. ಈ ಕೆಲಸಕ್ಕೆ ಒಂದು ಭಾನುವಾರ ಸಾಕು. ಕೇಳಿ ತಿಳಿದುಕೊಳ್ಳಲು ಮನೆಯಲ್ಲಿ ಹಿರಿಯರು ಇರುವಾಗಲೇ ಮಾಡಿ.